ಶಿಲೆಯ ಪದರಗಳನ್ನು ಓದಿದ ಬಿಷಪರು

ಬೆಳ್ತಂಗಡಿಯ ನಮಗೆ ಕುದುರೆಮುಖದ ಸಾಲು ನಿತ್ಯದ ನೋಟ. ಅಲ್ಲಿನ ಕಬ್ಬಿಣದ ಶಿಲೆಯನ್ನು ಹತ್ತಿರದಿಂದ ನೋಡಿದರೆ ಕಪ್ಪು ಅದಿರು ಮತ್ತು ಬಿಳಿಯ ಬೆಣಚುಕಲ್ಲಿನ ತೆಳುಪಟ್ಟೆಗಳು ಒಂದರ ಮೇಲೊಂದು ಸೇರಿ, ಮುದುಡಿದ ವಸ್ತ್ರದಂತೆ ಬಳುಕಿರುವುದು ಕಾಣುತ್ತದೆ. 250 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಚಾಪೆಯಂತೆ ಮಟ್ಟಸವಾಗಿ ಹರಡಿದ್ದ ಪದರಗಳಿವು. ಮಟ್ಟಸವಾಗಿಯೇ ಇದ್ದವೆಂದು ಹೇಳಲು ನಮಗೆ ಆಧಾರವೇನು? ಆ ಸೂತ್ರವನ್ನು ಲೋಕಕ್ಕೆ ಕೊಟ್ಟವರು ಮುಂದೆ ಬಿಷಪರಾದ ಒಬ್ಬ ವೈದ್ಯರು.

ಸ್ಟೆನೋ ಎಂದು ಪ್ರಸಿದ್ಧರಾದ ನೀಲ್ಸ್ ಸ್ಟೆನ್ಸನ್ 1638ರಲ್ಲಿ ಕೋಪನ್‌ಹೇಗನ್ನಿನ ಅಕ್ಕಸಾಲಿಗರ ಮನೆಯಲ್ಲಿ ಜನಿಸಿದರು. ಕುಟುಂಬ ಲೂಥರನ್ ಪಂಥದ್ದು. ಕೆನ್ನೆಯ ಗ್ರಂಥಿಯಿಂದ ಬಾಯಿಗೆ ಜೊಲ್ಲು ತರುವ ನಾಳವನ್ನು ಅವರು ಕಂಡುಹಿಡಿದರು. ಇಂದಿಗೂ ಅದು ಅವರ ಹೆಸರಿನಲ್ಲಿಯೇ ಇದೆ. 1666ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಅರಸರ ಆಶ್ರಯದಲ್ಲಿದ್ದಾಗ, ಲಿವೋರ್ನೋ ಬಳಿ ಸಿಕ್ಕ ಭಾರೀ ಶಾರ್ಕ್ ಮೀನಿನ ತಲೆಯನ್ನು ಅವರ ಮುಂದೆ ತಂದಿಟ್ಟರು. ಅದರ ಹಲ್ಲುಗಳೂ, ಕಲ್ಲಿನೊಳಗೆ ಸಿಗುತ್ತಿದ್ದ 'ನಾಲಗೆಗಲ್ಲು'ಗಳೂ ಒಂದೇ ಆಕಾರದವು! ಆ ಕಲ್ಲುಗಳು ಆಕಾಶದಿಂದ ಬಿದ್ದವೆಂದು ನಂಬುವವರಿದ್ದ ಕಾಲವದು. ಅವು ಪುರಾತನ ಮೀನುಗಳ ಹಲ್ಲುಗಳೇ ಆಗಿದ್ದರೆ, ಕಡಲ ಕೆಸರು ನೆಲದ ಮೇಲಿನ ಬಂಡೆಯಾದುದು ಹೇಗೆ?

1669ರಲ್ಲಿ ಅವರು ಪ್ರಕಟಿಸಿದ ಪುಟ್ಟ ಲ್ಯಾಟಿನ್ ಗ್ರಂಥ ಈ ಪ್ರಶ್ನೆಯ ಫಲ. ನೀರಿನಲ್ಲಿ ಕೆಸರು ಮಟ್ಟಸವಾಗಿಯೇ ತಂಗುತ್ತದೆ; ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು; ಪದರವು ಓರೆಯಾಗಿದ್ದರೆ ಆಮೇಲೆ ಭೂಮಿ ಅಲುಗಿದೆ ಎಂದರ್ಥ. ಹಾಗಾಗಿ ಬೆಟ್ಟಗಳು ಆದಿಯಿಂದಲೂ ಇದ್ದವಲ್ಲ. ನೆಲದಡಿಯ ಪೊಳ್ಳುಗಳು ಕುಸಿದೋ, ಒಳಗಿನ ಬೆಂಕಿ ನೂಕಿಯೋ ಹೀಗಾಯಿತೆಂದು ಅವರು ಊಹಿಸಿದರು. ಭೂಚಿಪ್ಪಿನ ನಿಧಾನವಾದ ಒತ್ತಡವು ಆಳದ ಕಾವಿನಲ್ಲಿ ಶಿಲೆಯನ್ನೇ ಮಡಿಸಬಲ್ಲದೆಂಬ ತಿಳಿವಳಿಕೆ ಬಂದುದು ಬಹಳ ತಡವಾಗಿ. ಕುದುರೆಮುಖದ ಪಟ್ಟೆಗಳು ಬಳುಕಿದ್ದು ಆ ಒತ್ತಡದಿಂದಲೇ, ಅದೂ ನಮ್ಮ ಘಟ್ಟ ಈಗಿನ ರೂಪ ತಾಳುವುದಕ್ಕಿಂತ ಎಷ್ಟೋ ಮೊದಲು. ಕಾರಣದ ವಿಷಯದಲ್ಲಿ ಸ್ಟೆನೋ ಪೂರ್ತಿ ಸರಿಯಿರಲಿಲ್ಲ. ಪದರಗಳನ್ನು ಓದುವ ಅವರ ಕ್ರಮ ಮಾತ್ರ ಇಂದಿಗೂ ನಡೆದಿದೆ.

ಆ ಗ್ರಂಥ ಬರಿಯ ಪೀಠಿಕೆ. ಮುಖ್ಯ ಗ್ರಂಥವನ್ನು ಅವರು ಬರೆಯಲೇ ಇಲ್ಲ. 1667ರಲ್ಲಿಯೇ ಕಥೋಲಿಕ ಧರ್ಮಸಭೆಯನ್ನು ಸೇರಿದ್ದ ಅವರು 1675ರಲ್ಲಿ ಗುರುದೀಕ್ಷೆ ಪಡೆದು, 1677ರಲ್ಲಿ ಬಿಷಪರಾಗಿ, ಕಥೋಲಿಕರು ವಿರಳವಾಗಿದ್ದ ಉತ್ತರ ಜರ್ಮನಿಗೆ ತೆರಳಿದರು. ಬಡವರಿಗಾಗಿ ತಮ್ಮ ಉಂಗುರ, ಶಿಲುಬೆಗಳನ್ನೂ ಮಾರಿದರು. 1683ರಲ್ಲಿ ಮ್ಯೂನ್‌ಸ್ಟರಿನ ಬಿಷಪರ ಆಯ್ಕೆಯಲ್ಲಿ ಹಣ ಕೈಬದಲಾದಾಗ ಪ್ರತಿಭಟಿಸಿ ಆ ಊರನ್ನೇ ತೊರೆದರು. ಬರೆಯದೆ ಉಳಿದ ಆ ಗ್ರಂಥಕ್ಕಾಗಿ ಮರುಗುವ ವಿಜ್ಞಾನಿಗಳನ್ನು ನಾವು ದೂರಲಾರೆವು; ನಮಗೂ ಆ ಕೊರಗಿದೆ.

ಉಪವಾಸ, ದುಡಿಮೆಗಳಿಂದ ಸವೆದ ದೇಹ 1686ರ ಡಿಸೆಂಬರಿನಲ್ಲಿ ಶ್ವೆರಿನ್ ನಗರದಲ್ಲಿ ನಿಂತಿತು. ಅವರಿಗೆ ಆಗ 48 ವರ್ಷ. ಪಾರ್ಥಿವ ಶರೀರವನ್ನು ಫ್ಲಾರೆನ್ಸಿಗೆ ಒಯ್ದು ಸಂತ ಲಾರೆನ್ಸರ ದೇವಾಲಯದಲ್ಲಿ ಇರಿಸಲಾಯಿತು. 1988ರ ಅಕ್ಟೋಬರ್ 23ರಂದು ಜಗದ್ಗುರು ಎರಡನೆಯ ಜಾನ್ ಪಾಲ್ ಅವರನ್ನು ಪುನೀತರೆಂದು ಘೋಷಿಸಿದರು.