ಗೊಂಬೆಗಳ ಕಾಳಗ ಹೂಡಿದ ಸ್ಟಾರೆವಿಚ್

ಕುಂದಾಪುರ, ಬೈಂದೂರು, ಬ್ರಹ್ಮಾವರದ ಈ ಸೀಮೆಯಲ್ಲಿ ಹುಟ್ಟಿದವರಿಗೆ ರಂಗದ ಮೇಲಿನ ಕಾಳಗ ಹೊಸತಲ್ಲ. ಚಂಡೆಯ ಪೆಟ್ಟಿಗೆ ವೇಷಗಳು ಸುತ್ತು ತಿರುಗಿ ಹೋರಾಡುವುದನ್ನು ಎಳವೆಯಿಂದಲೇ ಕಂಡವರು ನಾವು. ಉಪ್ಪಿನಕುದ್ರುವಿನ ಕಾಮತ ಮನೆತನದವರು ಅದೇ ಕಾಳಗವನ್ನು ಸೂತ್ರದ ಗೊಂಬೆಗಳಿಂದ ಆಡಿಸುತ್ತ ಬಂದಿದ್ದಾರೆ. ದಿವಂಗತ ಕೊಗ್ಗ ಕಾಮತರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಅಲ್ಲಿ ಗೊಂಬೆಗೆ ದಾರವುಂಟು, ದಾರದ ತುದಿಯಲ್ಲಿ ಕಲಾವಿದನ ಕೈಯುಂಟು, ಆ ಕೈಯನ್ನು ನಡೆಸುವ ತಾಳವುಂಟು. ಆದರೆ ಆಡಿಸುವ ಕೈ ಎಲ್ಲಿಯೂ ಕಾಣದಂತೆ, ಬೆಳ್ಳಿತೆರೆಯ ಮೇಲೆ ಗೊಂಬೆಗಳು ತಾವಾಗಿಯೇ ಹೊಡೆದಾಡುವಂತೆ ಮಾಡುವ ಇನ್ನೊಂದು ವಿದ್ಯೆಯೂ ಲೋಕದಲ್ಲಿದೆ. ಅದಕ್ಕೆ ಅಡಿಪಾಯ ಹಾಕಿದವರಲ್ಲಿ ಮುಖ್ಯನಾದ ಲಾಡಿಸ್ಲಾಸ್ ಸ್ಟಾರೆವಿಚ್ಚನ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಸ್ಟಾರೆವಿಚ್ಚನು ಹುಟ್ಟಿದ್ದು 1882ನೆಯ ಇಸವಿಯ ಆಗಸ್ಟ್ 8ರಂದು, ಮಾಸ್ಕೋ ನಗರದಲ್ಲಿ. ತಂದೆತಾಯಿಗಳು ಪೋಲಿಷ್ ಜನಾಂಗದವರು. ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ಬಾಲಕನು ಈಗಿನ ಲಿಥುವೇನಿಯಾ ದೇಶಕ್ಕೆ ಸೇರಿದ ಕೌನಾಸ್ ಪಟ್ಟಣದಲ್ಲಿ ಅಜ್ಜಿಯ ಆಶ್ರಯದಲ್ಲಿ ಬೆಳೆದನು. ಚಿತ್ರ ಬರೆಯುವುದು, ಫೋಟೋ ತೆಗೆಯುವುದು, ಹುಳುಹುಪ್ಪಟೆಗಳನ್ನು ಹಿಡಿದು ಅವುಗಳ ನಡತೆಯನ್ನು ಗಮನಿಸುವುದು—ಈ ಮೂರೂ ಅವನಿಗೆ ಅಂಟಿಕೊಂಡ ಹವ್ಯಾಸಗಳು. ಈ ಮೂರು ಹವ್ಯಾಸಗಳು ಒಂದುಗೂಡಿದಾಗಲೇ ಅವನ ಕಲೆ ಹುಟ್ಟಿತು.

ಕೌನಾಸಿನ ವಸ್ತುಸಂಗ್ರಹಾಲಯಕ್ಕಾಗಿ ಈತನು ಪ್ರಕೃತಿಜೀವನದ ಚಲಚ್ಚಿತ್ರಗಳನ್ನು ತೆಗೆಯತೊಡಗಿದ್ದನು. ಯೂರೋಪಿನ ಓಕ್ ಕಾಡುಗಳಲ್ಲಿ ಒಂದು ಜಾತಿಯ ದುಂಬಿಯುಂಟು. ಅದರ ಗಂಡಿಗೆ ಜಿಂಕೆಯ ಕೊಂಬಿನಂತೆ ಚಾಚಿದ ದವಡೆಗಳು. ನಮ್ಮ ತೆಂಗಿನ ಸುಳಿಯನ್ನು ಕೊರೆಯುವ ಕೊಂಬಿನ ದುಂಬಿಯನ್ನು ಕಂಡವರಿಗೆ ಅದರ ರೂಪವನ್ನು ಊಹಿಸುವುದು ಕಷ್ಟವಲ್ಲ. ಹೆಣ್ಣಿಗಾಗಿ ಎರಡು ಗಂಡುಗಳು ದವಡೆಗೆ ದವಡೆ ಕೊಟ್ಟು ಸೆಣಸಿ, ಒಂದು ಇನ್ನೊಂದನ್ನು ಎತ್ತಿ ಕೆಡಹುವುದುಂಟು. ಈ ಮಲ್ಲಯುದ್ಧವನ್ನು ಚಿತ್ರಿಸಬೇಕೆಂದು ಸ್ಟಾರೆವಿಚ್ಚನು ಹಂಬಲಿಸಿದನು. ಆದರೆ ಅವು ಮುಸ್ಸಂಜೆಯ ಜೀವಿಗಳು. ಚಿತ್ರ ತೆಗೆಯಲು ಬೇಕಾದ ಪ್ರಖರವಾದ ದೀಪವನ್ನು ಹೊತ್ತಿಸಿದೊಡನೆ ಅವು ಕಾಳಗವನ್ನು ಬಿಟ್ಟು ನಿಶ್ಚೇಷ್ಟವಾಗಿ ಬಿದ್ದುಬಿಡುತ್ತಿದ್ದವು. ಬೆಳಕಿಲ್ಲದೆ ಚಿತ್ರವಿಲ್ಲ, ಬೆಳಕಿದ್ದರೆ ಕಾಳಗವಿಲ್ಲ.

ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದನು. ಸ್ಟಾರೆವಿಚ್ಚನು ಸತ್ತ ದುಂಬಿಗಳನ್ನು ತೆಗೆದುಕೊಂಡು, ಅವುಗಳ ಕಾಲು, ದವಡೆಗಳನ್ನು ಬಿಡಿಸಿ, ಸಣ್ಣ ತಂತಿ ಮತ್ತು ಅರಗಿನಿಂದ ಮತ್ತೆ ಜೋಡಿಸಿದನು. ಈಗ ಆ ಕಾಲುಗಳು ಬಾಗಿಸಿದಂತೆ ಬಾಗಿ, ನಿಲ್ಲಿಸಿದಂತೆ ನಿಲ್ಲುತ್ತಿದ್ದವು. ಒಂದು ಭಂಗಿಯಲ್ಲಿ ನಿಲ್ಲಿಸಿ ಒಂದು ಚಿತ್ರ. ಕಾಲನ್ನು ಕೂದಲೆಳೆಯಷ್ಟು ಸರಿಸಿ ಮತ್ತೊಂದು ಚಿತ್ರ. ಹೀಗೆ 1910ರಲ್ಲಿ ದುಂಬಿಗಳ ಕಾಳಗದ ಚಿತ್ರ ಸಿದ್ಧವಾಯಿತು. ಗೊಂಬೆಗಳನ್ನು ಜೀವಿಗಳಂತೆ ನಡೆಸಿದ ಮೊದಮೊದಲ ಚಿತ್ರಗಳಲ್ಲಿ ಇದನ್ನು ಗಣಿಸುತ್ತಾರೆ.

ಈ ಕೆಲಸದ ಶ್ರಮವನ್ನು ಓದುಗರು ಲೆಕ್ಕಹಾಕಿ ನೋಡಬೇಕು. ಮೂಕಿಚಿತ್ರಗಳ ಕಾಲದಲ್ಲಿ ಸೆಕೆಂಡಿಗೆ ಸುಮಾರು 16 ಚಿತ್ರಗಳು ಓಡುತ್ತಿದ್ದವು. ಅಂದರೆ ಒಂದೇ ನಿಮಿಷದ ಕಾಳಗಕ್ಕೆ 960 ಚಿತ್ರಗಳು. ಹೋರಾಡುವವರು ಇಬ್ಬರಾದ್ದರಿಂದ ಪ್ರತಿ ಚಿತ್ರಕ್ಕೂ ಇಬ್ಬರನ್ನೂ ಸರಿಸಬೇಕು. ಒಬ್ಬನನ್ನು ಮರೆತರೆ ತೆರೆಯ ಮೇಲೆ ಅವನು ಕಲ್ಲಾಗಿ ನಿಂತಂತೆ ಕಾಣುತ್ತದೆ. ಹೊಡೆತಕ್ಕೆ ತೂಕ ಬರಬೇಕಾದರೆ ಎತ್ತಿದ ಕೈ ಮೊದಲು ನಿಧಾನವಾಗಿ ಹಿಂದಕ್ಕೆ ಸರಿಯಬೇಕು, ಬಳಿಕ ಎರಡು ಮೂರು ಚಿತ್ರಗಳಲ್ಲೇ ಮುಂದೆ ಬಂದು ತಾಗಬೇಕು, ಪೆಟ್ಟು ತಿಂದವನು ತತ್ತರಿಸಿ ಸಾವರಿಸಿಕೊಳ್ಳಲು ಹೊತ್ತು ಹಿಡಿಯಬೇಕು. ಎಲ್ಲವೂ ಒಂದೇ ವೇಗದಲ್ಲಿ ನಡೆದರೆ ಅದು ಕಾಳಗವಾಗದು, ಗಡಿಯಾರದ ಮುಳ್ಳಿನ ಚಲನೆಯಾದೀತು. ಮುಂದೆ ಸ್ಟಾರೆವಿಚ್ಚನು ಇನ್ನೂ ಒಂದು ಉಪಾಯವನ್ನು ಕಂಡುಕೊಂಡನು. ಓಡುವವನ ಕೈಕಾಲು ಕಣ್ಣಿಗೆ ಮಸುಕಾಗಿ ಕಾಣುವುದು ಸಹಜವಷ್ಟೆ. ಅದಕ್ಕಾಗಿ ಕೆಲವೆಡೆ ಚಿತ್ರ ತೆಗೆಯುವ ಕ್ಷಣದಲ್ಲೇ ಗೊಂಬೆಯನ್ನು ಸಣ್ಣ ತಂತಿಯಿಂದ ಅಲುಗಿಸುತ್ತಿದ್ದನು. ಸೂತ್ರದ ಗೊಂಬೆಯ ವಿದ್ಯೆ ಇಲ್ಲಿಯೂ ಮೆಲ್ಲನೆ ಇಣುಕಿದಂತಾಯಿತು.

ಮಾಸ್ಕೋವಿನ ನಿರ್ಮಾಪಕ ಖಾನ್ಜೊಂಕೊವನ ಆಶ್ರಯದಲ್ಲಿ 1912ರಲ್ಲಿ ಅವನು ತೆಗೆದ ಸುಂದರಿ ಲುಕಾನಿಡಾಳ ಚಿತ್ರದಲ್ಲಿ ಒಬ್ಬ ರಾಣಿಗಾಗಿ ಎರಡು ಜಾತಿಯ ದುಂಬಿಗಳು ಯುದ್ಧ ಮಾಡುತ್ತವೆ. ಟ್ರಾಯ್ ನಗರದ ಪುರಾಣಕಥೆಗೆ ಇದೊಂದು ನಗೆಗನ್ನಡಿ. ಈತನು ನಿಜವಾದ ಹುಳುಗಳನ್ನೇ ಪಳಗಿಸಿರಬೇಕೆಂದು ಹಲವು ಪ್ರೇಕ್ಷಕರು ನಂಬಿದ್ದರಂತೆ. ಕಲಾವಿದನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇರೆ ಬೇಕೆ?

ಅಷ್ಟರಲ್ಲಿ ನಿಜವಾದ ಯುದ್ಧವೇ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಬೆಲ್ಜಿಯಂ ದೇಶವು ಜರ್ಮನ್ ಸೇನೆಯ ತುಳಿತಕ್ಕೆ ಸಿಕ್ಕಿದುದನ್ನು 1915ರಲ್ಲಿ ಅವನು ಹೂವು ಮತ್ತು ದುಂಬಿಗಳ ರೂಪಕವಾಗಿ ಚಿತ್ರಿಸಿದನು. ಮೂರು ವರ್ಷಗಳ ಹಿಂದೆ ನಗಿಸಿದ ದುಂಬಿಗಳ ದಂಡೇ ಇಲ್ಲಿ ಕರುಳು ಹಿಂಡುತ್ತದೆ. ಆಟಿಕೆಯ ಕಾಳಗವು ಬರಿಯ ಮಕ್ಕಳಾಟವಲ್ಲ, ಅದು ಮನುಷ್ಯನ ಕ್ರೌರ್ಯಕ್ಕೆ ಹಿಡಿದ ಕನ್ನಡಿಯಾಗಬಲ್ಲದು ಎಂಬುದನ್ನು ಅವನು ತೋರಿಸಿಕೊಟ್ಟನು.

1917ರ ರಷ್ಯನ್ ಕ್ರಾಂತಿಯ ಬಳಿಕ ಸ್ಟಾರೆವಿಚ್ಚನು ಮೊದಲು ಯಾಲ್ಟಾಕ್ಕೆ ಬಂದು, ಅಲ್ಲಿಂದ ಇಟಲಿಯ ಮೂಲಕ ಫ್ರಾನ್ಸ್ ದೇಶವನ್ನು ಸೇರಿದನು. ಕೊನೆಗೆ ಪ್ಯಾರಿಸ್ ಬಳಿಯ ಫೊಂತನೆ-ಸು-ಬುವಾ ಎಂಬಲ್ಲಿ ನೆಲೆ ನಿಂತನು. ಹುಟ್ಟಿದ ನಾಡು ಹೋಯಿತು, ಭಾಷೆ ಬೇರೆಯಾಯಿತು; ಆದರೆ ಗೊಂಬೆಗಳಿಗೆ ಭಾಷೆಯ ಹಂಗಿಲ್ಲ. ಮನೆಯೇ ಕಾರ್ಯಾಗಾರವಾಯಿತು. ಹೆಂಡತಿ ಆನ್ನಾ ಗೊಂಬೆಗಳ ಉಡುಗೆತೊಡುಗೆಗಳಿಗೆ ನೆರವಾದಳು. ಹಿರಿಯ ಮಗಳು ಇರೇನ್ ತಂದೆಯ ಕೊನೆಗಾಲದವರೆಗೂ ಕಥೆಯಲ್ಲಿಯೂ ನಿರ್ದೇಶನದಲ್ಲಿಯೂ ಜೊತೆಗಾತಿಯಾದಳು. ಕಿರಿಯವಳಾದ ನೀನಾ ಕೆಲವು ಚಿತ್ರಗಳಲ್ಲಿ ಗೊಂಬೆಗಳೊಡನೆ ನಟಿಸಿದಳು.

ಅವನ ಮಹಾಕೃತಿಯೆಂದರೆ ಮಧ್ಯಯುಗದ ಕಥೆಗಳನ್ನು ಆಧರಿಸಿದ, ರೆನಾರ್ ಎಂಬ ಧೂರ್ತ ನರಿಯ ಚಿತ್ರ. ನಮ್ಮ ಪಂಚತಂತ್ರವನ್ನು ಓದಿದವರಿಗೆ ಈ ನರಿ ಹೊಸಬನಲ್ಲ. ಕೊನೆಯಲ್ಲಿ ಸಿಂಹರಾಜನ ಸೇನೆ ನರಿಯ ಕೋಟೆಗೆ ಮುತ್ತಿಗೆ ಹಾಕುತ್ತದೆ. ನರಿಯು ಹತ್ತಾರು ಯಂತ್ರತಂತ್ರಗಳಿಂದ ದಂಡನ್ನು ಕಂಗೆಡಿಸುತ್ತದೆ. ಸುಮಾರು 65 ನಿಮಿಷಗಳ ಈ ಚಿತ್ರಕ್ಕೆ, ಸೆಕೆಂಡಿಗೆ 24ರ ಲೆಕ್ಕದಲ್ಲಿ, 90 ಸಾವಿರಕ್ಕೂ ಹೆಚ್ಚು ಬಿಡಿಚಿತ್ರಗಳು. ಅಮೆರಿಕದ ಪ್ರಸಿದ್ಧ ಕಿಂಗ್ ಕಾಂಗ್ ಚಿತ್ರವು 1933ರಲ್ಲಿ ತೆರೆಕಾಣುವ ಮೊದಲೇ, 1930ರ ಹೊತ್ತಿಗೆ ಇದರ ಚಿತ್ರೀಕರಣ ಮುಗಿದಿತ್ತು. ಆದರೆ ಆಗ ತಾನೇ ಕಾಲಿಟ್ಟಿದ್ದ ಧ್ವನಿಯನ್ನು ಕೂಡಿಸುವ ಕೆಲಸದಲ್ಲಿ ತೊಡಕುಂಟಾಗಿ, ಚಿತ್ರವು ವರ್ಷಗಟ್ಟಲೆ ಮೂಲೆಗೆ ಬಿದ್ದಿತು. 1937ರಲ್ಲಿ ಬರ್ಲಿನ್ನಿನಲ್ಲಿ ಜರ್ಮನ್ ಭಾಷೆಯಲ್ಲಿ ಮೊದಲು ತೋರಿಸಲ್ಪಟ್ಟು, 1941ರಲ್ಲಷ್ಟೇ ಫ್ರೆಂಚ್ ಪ್ರೇಕ್ಷಕರನ್ನು ಕಂಡಿತು. ಮೊದಲಿಗನೆಂಬ ಕೀರ್ತಿಯ ಬಹುಪಾಲು ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಆದರೂ ಅವನು ಕೆಲಸವನ್ನು ನಿಲ್ಲಿಸಲಿಲ್ಲ. 1965ರ ಫೆಬ್ರವರಿ 26ರಂದು, 82ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ, ನಾಯಿ ಮತ್ತು ಬೆಕ್ಕಿನ ಒಂದು ಚಿತ್ರ ಅರ್ಧಕ್ಕೆ ನಿಂತಿತ್ತು.

ಇಂದು ಕೈಯಲ್ಲೊಂದು ಮೊಬೈಲ್ ಫೋನಿದ್ದರೆ ಯಾವ ವಿದ್ಯಾರ್ಥಿಯಾದರೂ ಮೇಜಿನ ಮೇಲೆ ಎರಡು ಆಟಿಕೆಗಳ ಕಾಳಗವನ್ನು ಹೂಡಬಹುದು. ಉಪಕರಣವು ಸುಲಭವಾಗಿದೆ; ತಾಳ್ಮೆ ಮಾತ್ರ ಅಂದಿನಷ್ಟೇ ಬೇಕು. ಸ್ಟಾರೆವಿಚ್ಚನು ದುಂಬಿಯ ಕಾಳಗವನ್ನು ತೋರಿಸಬಲ್ಲವನಾದುದು ದುಂಬಿಯನ್ನು ಬಹುಕಾಲ ನೋಡಿದ್ದರಿಂದ. ಕಾಲು ಎಲ್ಲಿ ಊರುತ್ತದೆ, ಭಾರ ಯಾವ ಕಡೆಗೆ ವಾಲುತ್ತದೆ, ಸೋಲುವವನು ಹೇಗೆ ಹಿಂಜರಿಯುತ್ತಾನೆ—ಇವನ್ನೆಲ್ಲ ಕಣ್ತುಂಬಿಕೊಂಡವನಿಗೆ ಸತ್ತ ಹುಳುವೂ ಒಲಿಯಿತು. ಕ್ಷಣಮಾತ್ರದಲ್ಲಿ ಮುಗಿಯುವ ಹೊಡೆತಕ್ಕೆ ದಿನಗಟ್ಟಲೆಯ ಶಾಂತಚಿತ್ತವನ್ನು ಮುಡಿಪಾಗಿಟ್ಟ ಈ ಕಲಾವಿದನ ಬಾಳು, ವಿಜ್ಞಾನವನ್ನಾಗಲಿ ಕಲೆಯನ್ನಾಗಲಿ ಅಭ್ಯಾಸ ಮಾಡುವ ನಮ್ಮೆಲ್ಲರಿಗೂ ಅನುಕರಣೀಯವಾಗಿದೆ.