ಆಂಟಿಬಾಡಿಗೆ ಬಣ್ಣ ಅಂಟಿಸಿದ ಕೂನ್ಸ್

ಕತ್ತಲಲ್ಲಿ ಹಸಿರಾಗಿ ಹೊಳೆಯೋ ಜೀವಕೋಶದ ಫೋಟೋ ನೋಡಿರ್ತೀರಿ. ಅದರ ಹಿಂದೆ ಇದ್ದವರು ಆಲ್ಬರ್ಟ್ ಕೂನ್ಸ್ ಎಂಬ ಅಮೆರಿಕದ ವೈದ್ಯರು. ಹುಟ್ಟಿದ್ದು 1912ರಲ್ಲಿ. 1939ರಲ್ಲಿ ಬರ್ಲಿನ್‌ಗೆ ಹೋಗಿದ್ದಾಗ ಅವರ ತಲೆಯಲ್ಲಿ ಒಂದೇ ಪ್ರಶ್ನೆ: ರುಮ್ಯಾಟಿಕ್ ಜ್ವರ ಬಂದವರ ಹೃದಯದ ಗಂಟುಗಳಲ್ಲಿ ಬ್ಯಾಕ್ಟೀರಿಯಾದ ಅಂಶ ಇದೆಯಾ ಅಂತ ಕಣ್ಣಾರೆ ನೋಡೋದು ಹೇಗೆ? ಆಂಟಿಬಾಡಿ ತನ್ನ ಗುರಿಯನ್ನ ತಾನೇ ಹುಡುಕಿ ಅಂಟಿಕೊಳ್ಳುತ್ತೆ. ಅದಕ್ಕೇ ಬಣ್ಣ ಅಂಟಿಸಿ ಕಳಿಸಿದ್ರೆ?

ಹಾರ್ವರ್ಡ್‌ನಲ್ಲಿ ಮೊದಲು ಅಂಟಿಸಿದ ಬಣ್ಣ ನೇರಳಾತೀತ ಬೆಳಕಲ್ಲಿ ನೀಲಿಯಾಗಿ ಹೊಳೀತು. ಆದ್ರೆ ಅಂಗಾಂಶವೂ ತಾನಾಗೇ ನೀಲಿಯಾಗಿ ಹೊಳೆಯುತ್ತಲ್ಲ, ಯಾವುದು ಯಾವುದೋ ಗೊತ್ತಾಗಲಿಲ್ಲ! ಹಸಿರು ಫ್ಲೋರೆಸೀನ್ ಹಾಕಿದ ಮೇಲೆ ಕೆಲಸ ಆಯ್ತು. ಅಷ್ಟರಲ್ಲಿ ಯುದ್ಧ, ಸೈನ್ಯದ ಕೆಲಸ. ವಾಪಸ್ ಬಂದು ಅದನ್ನೇ ಮುಂದುವರಿಸಿ, 1950ರಲ್ಲಿ ಮೆಲ್ವಿನ್ ಕಪ್ಲಾನ್ ಜೊತೆ ಸುಧಾರಿಸಿದ ವಿಧಾನ ಪ್ರಕಟಿಸಿದರು. 1959ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. 1978ರಲ್ಲಿ ತೀರಿಕೊಂಡರು. ನೊಬೆಲ್ ಬರಲಿಲ್ಲ, ಬರಬೇಕಿತ್ತು ಅಂತ ನನಗನ್ಸುತ್ತೆ.