ಕಾಡಿನ ಸಾಕ್ಷಿ ಎಂ. ಕೃಷ್ಣನ್

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ದಂಡೆಯಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೋಗುವವರಿಗೆ ಒಂದು ದೃಶ್ಯ ಈಗ ಚಿರಪರಿಚಿತ. ಉದ್ದನೆಯ ಜೂಮ್ ಲೆನ್ಸ್‌ಗಳನ್ನು ಹೆಗಲಿಗೇರಿಸಿಕೊಂಡ ಹವ್ಯಾಸಿಗಳು ಜೊಂಡಿನ ಮರೆಯಿಂದ ಜಂಬುಕೋಳಿ ಹೊರಬರುವುದನ್ನೇ ಕಾಯುತ್ತಿರುತ್ತಾರೆ. ಅವರಲ್ಲಿ ನನ್ನಂಥ ನಿವೃತ್ತರೂ ಉಂಟು. ಹಕ್ಕಿ ಕಾಣಿಸಿಕೊಂಡೊಡನೆ ಕ್ಯಾಮೆರಾ ತಾನಾಗಿಯೇ ಅದರ ಕಣ್ಣನ್ನು ಗುರುತಿಸಿ, ಸೆಕೆಂಡಿಗೆ 20 ಚಿತ್ರಗಳಂತೆ ತೆಗೆದುಬಿಡುತ್ತದೆ. ಅಪರೂಪಕ್ಕೆ ಒಬ್ಬಿಬ್ಬರು ಹೊಸ ಕ್ಯಾಮೆರಾಕ್ಕೆ ಅಡಾಪ್ಟರ್ ತೊಡಿಸಿ, ನಲವತ್ತು ವರ್ಷ ಹಳೆಯ ಲೆನ್ಸ್ ಜೋಡಿಸಿಕೊಂಡು, ಕೈಯಿಂದಲೇ ಉಂಗುರ ತಿರುಗಿಸಿ ಫೋಕಸ್ ಮಾಡುತ್ತಿರುತ್ತಾರೆ. ಅವರು ತೆಗೆಯುವ ಚಿತ್ರಗಳು ಕಡಿಮೆ. ಹಕ್ಕಿಯನ್ನು ನೋಡುತ್ತ ನಿಲ್ಲುವ ಹೊತ್ತು ಹೆಚ್ಚು. ಅವರನ್ನು ಕಂಡಾಗಲೆಲ್ಲ ನನಗೆ ಎಂ. ಕೃಷ್ಣನ್ ನೆನಪಾಗುತ್ತಾರೆ.

ಭಾರತದ ವನ್ಯಜೀವಿ ಛಾಯಾಗ್ರಹಣ ಮತ್ತು ನಿಸರ್ಗ ಬರಹದ ಚರಿತ್ರೆಯಲ್ಲಿ ಕೃಷ್ಣನ್ ಅವರದು ಮೊದಲ ಸಾಲಿನ ಹೆಸರು. ತಮಿಳು ಮತ್ತು ಇಂಗ್ಲಿಷಿನಲ್ಲಿ ಬರೆದ ಅವರು ಮದ್ರಾಸಿನ ನಿವಾಸಿ. ಆದರೂ ಅವರ ಬದುಕಿನ ನಿರ್ಣಾಯಕ ವರ್ಷಗಳು ಕಳೆದದ್ದು ಇಂದಿನ ಕರ್ನಾಟಕದ ಸಂಡೂರಿನಲ್ಲಿ. ಅವರ ಕ್ಯಾಮೆರಾ ಮತ್ತೆ ಮತ್ತೆ ಮರಳಿದ ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಅವರನ್ನು ಕನ್ನಡಿಗರು ಇನ್ನಷ್ಟು ಅರಿಯಬೇಕೆನ್ನುವುದಕ್ಕೆ ಇಷ್ಟು ಕಾರಣ ಸಾಕು.

ಕೃಷ್ಣನ್ ಹುಟ್ಟಿದ್ದು 1912ರ ಜೂನ್ 30ರಂದು, ತಿರುನೆಲ್ವೇಲಿಯಲ್ಲಿ. ಎಂಟು ಮಕ್ಕಳಲ್ಲಿ ಕೊನೆಯವರು. ತಂದೆ ಎ. ಮಾಧವಯ್ಯ ತಮಿಳಿನ ಆರಂಭಿಕ ಕಾದಂಬರಿಕಾರರಲ್ಲೊಬ್ಬರು. 1898ರ ‘ಪದ್ಮಾವತಿ ಚರಿತ್ರಂ’ ಅವರ ಪ್ರಸಿದ್ಧ ಕೃತಿ. ಮದ್ರಾಸ್ ಸರ್ಕಾರದ ಉಪ್ಪು ಮತ್ತು ಅಬಕಾರಿ ಇಲಾಖೆಯ ಅಧಿಕಾರಿಯಾಗಿದ್ದ ಮಾಧವಯ್ಯ 1922ರಲ್ಲಿ ಸ್ವಯಂ ನಿವೃತ್ತಿ ಪಡೆದು, ಮೈಲಾಪುರದಲ್ಲಿ ಮನೆ ಕಟ್ಟಿಸಿ, ಬರಹದಿಂದಲೇ ಸಂಸಾರ ಸಾಗಿಸಲು ನಿಂತರು. ಮೂರೇ ವರ್ಷಗಳಲ್ಲಿ ತೀರಿಕೊಂಡರು. ಹದಿಮೂರರ ಬಾಲಕನನ್ನು ಬೆಳೆಸುವ ಹೊಣೆ ಹಿರಿಯಕ್ಕನ ಮೇಲೆ ಬಿತ್ತು. ಅಂದಿನ ಮೈಲಾಪುರದ ಸುತ್ತ ಕುರುಚಲು ಕಾಡಿತ್ತು. ನರಿ, ಕೃಷ್ಣಮೃಗ, ಬಗೆಬಗೆಯ ಹಕ್ಕಿಗಳಿದ್ದವು. ಹುಡುಗ ಮುಂಗುಸಿಯೊಂದನ್ನು ಸಾಕಿಕೊಂಡಿದ್ದ. ಮುಂದಿನ ನಿಸರ್ಗ ತಜ್ಞನ ಮೊದಲ ಪಾಠಶಾಲೆ ಆ ಬಯಲು.

1927ರಲ್ಲಿ ಪ್ರೆಸಿಡೆನ್ಸಿ ಕಾಲೇಜು ಸೇರಿದ ಕೃಷ್ಣನ್ ತರಗತಿಯಲ್ಲಿ ಮಿಂಚಿದವರಲ್ಲ. ಅವರನ್ನು ಹಿಡಿದಿಟ್ಟದ್ದು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಪಿ.ಎಫ್. ಫೈಸನ್ ಅವರ ಪಾಠ. ನೀಲಗಿರಿ, ಕೊಡೈಕನಾಲ್ ಬೆಟ್ಟಗಳ ಅಧ್ಯಯನ ಪ್ರವಾಸಗಳಲ್ಲಿ ಗುರುವಿನ ಜೊತೆ ನಡೆದರು. ಫೈಸನ್ ಅವರ ಪತ್ನಿಯಿಂದ ಜಲವರ್ಣ ಚಿತ್ರಕಲೆ ಕಲಿತರು. ಒಂದು ಎಲೆಯನ್ನು ಬರೆಯಬೇಕಾದರೆ ಅದನ್ನು ಸರಿಯಾಗಿ ನೋಡಿರಬೇಕು. ಈ ಶಿಸ್ತು ಮುಂದೆ ಅವರ ಛಾಯಾಚಿತ್ರಗಳಲ್ಲೂ ಎದ್ದು ಕಂಡಿತು. ಎಂ.ಎ. ಮುಗಿಸಿ, 1936ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಆದರೆ ಅವರ ಒಲವು ತಮಿಳು ಪತ್ರಿಕೆಗಳಿಗೆ ಲೇಖನ, ರೇಖಾಚಿತ್ರ, ವ್ಯಂಗ್ಯಚಿತ್ರ ಒದಗಿಸುವ ಕಡೆಗೇ ಹರಿಯಿತು.

1942ರಲ್ಲಿ ಸಂಡೂರು ಸಂಸ್ಥಾನದ ಮಹಾರಾಜರಿಂದ ಕರೆ ಬಂತು. ಬಳ್ಳಾರಿ ಸೀಮೆಯ ಬೆಟ್ಟಗಳ ಮಡಿಲಲ್ಲಿದ್ದ ಆ ಪುಟ್ಟ ಘೋರ್ಪಡೆ ಸಂಸ್ಥಾನದಲ್ಲಿ ಕೃಷ್ಣನ್ ಶಾಲಾ ಶಿಕ್ಷಕರಾದರು, ನ್ಯಾಯಾಧೀಶರಾದರು, ಪ್ರಚಾರಾಧಿಕಾರಿಯಾದರು, ಕೊನೆಗೆ ಮಹಾರಾಜರ ರಾಜಕೀಯ ಕಾರ್ಯದರ್ಶಿಯೂ ಆದರು. ಆಡಳಿತದಲ್ಲಿ ಬಾಳಿನ ಬಹುಭಾಗ ಕಳೆದ ನನಗೆ ಈ ಹುದ್ದೆಗಳ ಪಟ್ಟಿಗಿಂತ ಬಿಡುವಿನಲ್ಲಿ ಅವರು ಮಾಡಿದ್ದೇ ಕುತೂಹಲಕರವೆನಿಸುತ್ತದೆ. ಕುರಿ ಮೇಯಿಸಿದರು. ಅಂಚೆ ಪಾರಿವಾಳಗಳನ್ನು ಸಾಕಿದರು. ಎಲ್ಲಕ್ಕಿಂತ ಹೆಚ್ಚಾಗಿ, ಸುತ್ತಲ ಗುಡ್ಡಗಾಡುಗಳಲ್ಲಿ ಕಾಲ್ನಡಿಗೆಯಲ್ಲಿ ಅಲೆದರು. ನಗರದ ಪದವೀಧರನೊಬ್ಬ ಕ್ಷೇತ್ರ ವೀಕ್ಷಕನಾಗಿ ಹದಗೊಂಡದ್ದು ಈ ಏಳು ವರ್ಷಗಳಲ್ಲಿ. ಆ ಬೆಟ್ಟಗಳ ಅನೇಕ ಭಾಗಗಳನ್ನು ಮುಂದಿನ ದಶಕಗಳ ಅದಿರು ಗಣಿಗಾರಿಕೆ ಅಗೆದು ಹಾಕಿತು.

ಕೃಷ್ಣನ್ ಸಂಡೂರಿಗೆ ಬಂದಾಗ ಅರಮನೆಯಲ್ಲಿ ಹತ್ತು ವರ್ಷದ ಬಾಲಕನೊಬ್ಬನಿದ್ದ. ಆತನೇ ಎಂ.ವೈ. ಘೋರ್ಪಡೆ. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದು, ದೇವರಾಜ ಅರಸು ಅವರ ಸಂಪುಟದಲ್ಲಿ ಹಣಕಾಸು ಸಚಿವರಾಗಿ ನಾಡಿಗೆ ಪರಿಚಿತರಾದ ಅವರು ವನ್ಯಜೀವಿ ಛಾಯಾಗ್ರಾಹಕರಾಗಿಯೂ ಅಂತರರಾಷ್ಟ್ರೀಯ ಮನ್ನಣೆ ಪಡೆದರು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಗ್ರಂಥ 1983ರಲ್ಲಿ ಪ್ರಕಟವಾಯಿತು. ಇಷ್ಟು ಸಣ್ಣ ಊರು ಇಂಥ ಇಬ್ಬರು ಛಾಯಾಗ್ರಾಹಕರನ್ನು ರೂಪಿಸಿತೆಂಬುದು ಗಮನಾರ್ಹ ಸಂಗತಿ.

1949ರಲ್ಲಿ ಸಂಡೂರು ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು; ಮೈಸೂರಿಗೆ ಸೇರಿದ್ದು 1953ರಲ್ಲಿ. ವಿಲೀನದೊಡನೆ ಕೃಷ್ಣನ್ ಅವರ ಸಂಸ್ಥಾನ ಸೇವೆಯೂ ಮುಗಿಯಿತು. ವಯಸ್ಸು ಮೂವತ್ತೇಳು, ಕೈಯಲ್ಲಿ ಕಾನೂನು ಪದವಿ, ಬೆನ್ನಿಗೆ ಆಡಳಿತದ ಅನುಭವ. ಹೊಸ ಸರ್ಕಾರಗಳಿಗೆ ಇಂಥವರ ಅಗತ್ಯವಿತ್ತು. ಅವರು ಮಾತ್ರ ಮದ್ರಾಸಿಗೆ ಮರಳಿ, ಸಂಬಳದ ನೌಕರಿಯ ಹಂಗೇ ಬೇಡವೆಂದು ಬರಹವನ್ನೂ ಕ್ಯಾಮೆರಾವನ್ನೂ ನಂಬಿ ಕುಳಿತರು. ತಂದೆ ತುಳಿದ ದಾರಿಯೇ ಅದು. ತಂದೆಗೆ ಮೂರು ವರ್ಷ ಸಿಕ್ಕಿದ್ದರೆ ಮಗನಿಗೆ ಸುಮಾರು ಅರ್ಧ ಶತಮಾನ ಸಿಕ್ಕಿತು. ತಿಂಗಳ ಮೊದಲ ದಿನ ಬರುವ ಸಂಬಳದ ಮೇಲೆ ಬದುಕು ಕಟ್ಟಿಕೊಂಡ ನಮಗೆ ಈ ನಿರ್ಧಾರದ ತೂಕ ಚೆನ್ನಾಗಿ ಅರ್ಥವಾಗುತ್ತದೆ.

1950ರಲ್ಲಿ ಕಲ್ಕತ್ತೆಯ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ‘ಕಂಟ್ರಿ ನೋಟ್‌ಬುಕ್’ ಎಂಬ ಪಾಕ್ಷಿಕ ಅಂಕಣ ಆರಂಭಿಸಿದರು. ಅದು 46 ವರ್ಷ ನಡೆಯಿತು. ಹಿತ್ತಲಿನ ಅಳಿಲು, ಕಾಗೆ, ಹಲ್ಲಿಗಳಿಂದ ಹಿಡಿದು ಕಾಡಾನೆಯವರೆಗೆ ಅದರ ಹರವು. ಜೊತೆಗೆ ಅವರೇ ಬರೆದ ರೇಖಾಚಿತ್ರಗಳು. ‘ದಿ ಇಲ್ಲಸ್ಟ್ರೇಟೆಡ್ ವೀಕ್ಲಿ’ಯಲ್ಲಿ ವನ್ಯಜೀವಿ ಛಾಯಾಗ್ರಹಣದ ಬಗೆಗೇ ಲೇಖನಮಾಲೆ ಬರೆದರು. ‘ಜಂಗಲ್ ಅಂಡ್ ಬ್ಯಾಕ್‌ಯಾರ್ಡ್’ ಪುಸ್ತಕ 1961ರಲ್ಲಿ ಬಂತು.

ಇನ್ನು ಅವರ ಕ್ಯಾಮೆರಾದ ಕಥೆ. ಅಸ್ಸಾಮಿನ ಚಹಾ ತೋಟಗಾರರೂ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದ ಇ.ಪಿ. ಗೀ 1964ರ ತಮ್ಮ ಗ್ರಂಥದಲ್ಲಿ ಅದನ್ನು ಬೆರಗು, ವಿನೋದ ಎರಡರೊಂದಿಗೂ ವರ್ಣಿಸಿದ್ದಾರೆ. ಅದರ ದೇಹ ಒಂದು ಕಂಪನಿಯದು, ಟೆಲಿ ಲೆನ್ಸ್ ಇನ್ನೊಂದರದು, ಉಳಿದ ಭಾಗಗಳು ಬೇರೆ ಬೇರೆ ಕಡೆಯವು. ಎಲ್ಲವನ್ನೂ ಕೃಷ್ಣನ್ ತಾವೇ ಜೋಡಿಸಿದ್ದರು. ಯಾವುದೋ ಮುಖ್ಯ ಭಾಗವನ್ನು ದಾರವೇ ಹಿಡಿದಿಟ್ಟಿತ್ತೇನೋ ಎಂಬ ಅನುಮಾನ ಗೀ ಅವರಿಗೆ. ಈ ಭಾರವಾದ ವಿಚಿತ್ರ ಯಂತ್ರಕ್ಕೆ ಒಡೆಯ ಇಟ್ಟ ಹೆಸರು ‘ಸೂಪರ್ ಪಾಂಡರೋಸಾ’. ಅದರಿಂದ ಹೊರಬಂದ ಚಿತ್ರಗಳನ್ನು ಕಂಡವರು ಮಾತ್ರ ಟೀಕೆ ಮರೆತು ಸುಮ್ಮನಾಗುತ್ತಿದ್ದರು.

ಆ ಕಾಲವನ್ನು ಇಂದಿನ ಓದುಗರು ಸ್ವಲ್ಪ ಊಹಿಸಿಕೊಳ್ಳಬೇಕು. ಸ್ಥಿರಚಿತ್ರ ಕ್ಯಾಮೆರಾಗಳಿಗೆಂದು ಜೂಮ್ ಲೆನ್ಸ್ ಮೊದಲು ಮಾರುಕಟ್ಟೆಗೆ ಬಂದದ್ದೇ 1959ರಲ್ಲಿ. ಅದೂ 36ರಿಂದ 82 ಮಿಲಿಮೀಟರಿನ ಅಲ್ಪ ವ್ಯಾಪ್ತಿಯದು. ತಾನೇ ಫೋಕಸ್ ಮಾಡಿಕೊಳ್ಳುವ ಕ್ಯಾಮೆರಾಗಳು ಜನಪ್ರಿಯವಾದದ್ದು 1985ರ ನಂತರ. ವಿದೇಶಿ ಕ್ಯಾಮೆರಾ, ಲೆನ್ಸ್‌ಗಳಿಗೆ ಆಮದು ನಿರ್ಬಂಧದ ಗೋಡೆ ಅಡ್ಡವಿತ್ತು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪನೆಯಾದದ್ದು 1960ರಲ್ಲಿ. ಚೌಕಾಕಾರದ ಚಿತ್ರ ನೀಡುವ ಕ್ಯಾಮೆರಾದಲ್ಲಿ 120 ಅಳತೆಯ ಒಂದು ಸುರುಳಿಗೆ 12 ಚಿತ್ರಗಳಷ್ಟೇ. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇಂದು ಹೆಚ್ಚುವರಿ ಒಂದು ಚಿತ್ರದ ವೆಚ್ಚ ಬಹುತೇಕ ಶೂನ್ಯ. ಅಂದು ಗುಂಡಿ ಒತ್ತಿದ ಪ್ರತಿ ಸಲವೂ ಮುಂದಿನ ಒಂದು ಅವಕಾಶ ಕೈಬಿಟ್ಟು ಹೋಗುತ್ತಿತ್ತು. ಹೀಗಾಗಿ ಯಾವಾಗ ಒತ್ತಬಾರದು ಎಂಬುದನ್ನೂ ಛಾಯಾಗ್ರಾಹಕ ಕಲಿಯಬೇಕಾಗಿತ್ತು.

ಕೈಯಿಂದ ಫೋಕಸ್ ಮಾಡುವ ಉದ್ದ ಲೆನ್ಸಿನಲ್ಲಿ ಸ್ಪಷ್ಟವಾಗಿ ಮೂಡುವ ವಲಯ ಬಹಳ ತೆಳು. ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಚಿತ್ರ ಮಸುಕು. ಆದ್ದರಿಂದ ಅದು ಮುಂದೆ ಎಲ್ಲಿಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲೇ ಊಹಿಸಿ ಉಂಗುರ ತಿರುಗಿಸಿಟ್ಟುಕೊಂಡು ಕಾಯಬೇಕು. ಪ್ರಾಣಿಯ ನಡವಳಿಕೆ ತಿಳಿಯದವನಿಗೆ ಈ ಊಹೆ ಸಾಧ್ಯವಿಲ್ಲ. ಕೃಷ್ಣನ್ ಬಂಡೀಪುರ, ಮುದುಮಲೈಗಳಂಥ ಕಾಡುಗಳಲ್ಲಿ ಕಾಲ್ನಡಿಗೆಯಲ್ಲೂ ಸಾಕಾನೆಯ ಬೆನ್ನ ಮೇಲೂ ಚಿತ್ರ ತೆಗೆದವರು. ಸವಾರಿ ಆನೆಯ ಮೇಲೆ ಮುಕ್ಕಾಲಿ ನಿಲ್ಲಿಸುವಂತಿಲ್ಲ. ಆನೆ ಉಸಿರಾಡಿದರೂ ಕ್ಯಾಮೆರಾ ಅಲುಗುತ್ತದೆ. ಗಾಳಿಯ ದಿಕ್ಕು, ಬೆಳಕಿನ ಕೋನ, ಎದುರಿಗಿರುವ ಹಿಂಡಿನ ಮನಃಸ್ಥಿತಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಚಿತ್ರ. ಆನೆಗಳ ಬಗೆಗಿನ ಅವರ ಅರಿವು ಬೆಳೆದದ್ದು ಈ ಸಹನೆಯ ನೋಟದಿಂದ.

ಅವರು ಕೊನೆಯವರೆಗೂ ಕಪ್ಪು-ಬಿಳುಪಿನಲ್ಲೇ ಕೆಲಸ ಮಾಡಿದರು. ಹಳೆಯದನ್ನು ಬಿಡಲಾರದ ಹಟವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಮೈಕಟ್ಟು, ಚರ್ಮದ ಸುಕ್ಕು, ನಿಲುವಿನ ಸೂಕ್ಷ್ಮ, ಸುತ್ತಲ ಪೊದೆಯೊಡನೆ ಪ್ರಾಣಿಯ ಸಂಬಂಧ ಇವುಗಳನ್ನು ಬಣ್ಣದ ಆಕರ್ಷಣೆಯಿಲ್ಲದೆ ಓದಬಹುದಾದ ಚಿತ್ರಗಳು ಅವು. ಕೃಷ್ಣನ್ ಅವರಿಗೆ ಛಾಯಾಚಿತ್ರ ಮೊದಲು ಸಾಕ್ಷ್ಯ, ಆಮೇಲೆ ಅಲಂಕಾರ. ಶಿಕಾರಿ ಸಾಹಿತ್ಯದಲ್ಲಿ ಬಾಯಿಂದ ಬಾಯಿಗೆ ಸಾಗಿಬಂದ ಹೇಳಿಕೆಗಳನ್ನು ತಾವೇ ಕಾಡಿನಲ್ಲಿ ಪರೀಕ್ಷಿಸದೆ ಒಪ್ಪುತ್ತಿರಲಿಲ್ಲ.

ಈ ಗುಣಕ್ಕೆ ಸಾರ್ವಜನಿಕ ಬೆಲೆ ಸಿಕ್ಕಿದ್ದು 1968ರಲ್ಲಿ, ಜವಾಹರಲಾಲ್ ನೆಹರೂ ಫೆಲೋಶಿಪ್ ಮೂಲಕ. ದಕ್ಷಿಣ ಪರ್ಯಾಯ ದ್ವೀಪದ ದೊಡ್ಡ ಸಸ್ತನಿಗಳ ಸಮೀಕ್ಷೆಯನ್ನು ಅವರು ಕೈಗೊಂಡರು. ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಭಾಗಭಾಗವಾಗಿ ಬಂದು, 1975ರಲ್ಲಿ ಪುಸ್ತಕವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ, ಬಂಡೀಪುರವನ್ನೂ ಒಳಗೊಂಡು 1973ರಲ್ಲಿ ಆರಂಭವಾದ ಹುಲಿ ಯೋಜನೆಗೂ ಸ್ವಲ್ಪ ಮೊದಲಿನ ಸ್ಥಿತಿಯ ದಾಖಲೆ ಅದು. ಕಡತಗಳೊಡನೆ ಬದುಕಿದ ನನಗೆ ಒಂದು ಮಾತು ಗೊತ್ತು: ಮೊದಲು ಏನಿತ್ತು ಎಂದು ಯಾರೋ ಪ್ರಾಮಾಣಿಕವಾಗಿ ಬರೆದಿಡದಿದ್ದರೆ, ಏನು ಕಳೆದುಹೋಯಿತು ಎಂದು ಮುಂದೆ ಯಾರೂ ಸಾಧಿಸಲಾರರು.

ಭಾರತೀಯ ವನ್ಯಜೀವಿ ಮಂಡಳಿಯ ಸದಸ್ಯರಾಗಿ, ಪದ್ಮಶ್ರೀ ಪುರಸ್ಕೃತರಾಗಿ ಅವರಿಗೆ ಗೌರವಗಳು ಬಂದವು. ಸ್ವಭಾವ ಮಾತ್ರ ನಿಷ್ಠುರ. ನಗರಗಳ ಬೀದಿಬದಿಯಲ್ಲಿ ಗುಲ್‌ಮೊಹರ್‌ನಂಥ ಪರದೇಶಿ ಮರಗಳನ್ನು ಮೆರೆಸುವ ಬದಲು ಈ ನೆಲದ ಮರಗಳನ್ನೇ ನೆಡಬೇಕೆಂದು ವಾದಿಸಿದರು. ಜಯನಗರದ ಬೇಸಿಗೆಯ ಕೆಂಪು ಸಾಲುಗಳನ್ನು ಮೆಚ್ಚುವ ನಮಗೆ ಈ ವಾದ ಕಸಿವಿಸಿ ಉಂಟುಮಾಡೀತು. ಗುಂಪು ಕಟ್ಟಿಕೊಳ್ಳುವುದು, ತಮ್ಮನ್ನು ತಾವು ಪ್ರಚಾರ ಮಾಡಿಕೊಳ್ಳುವುದು ಅವರಿಗೆ ಒಗ್ಗಲಿಲ್ಲ. ಅದರ ನಷ್ಟವೂ ಇತ್ತು. ಬರಹದ ಬಹುಪಾಲು ಹಳೆಯ ಪತ್ರಿಕೆಗಳ ಪುಟಗಳಲ್ಲೇ ಉಳಿಯಿತು.

1996ರ ಫೆಬ್ರುವರಿ 18ರಂದು ಕೃಷ್ಣನ್ ನಿಧನರಾದರು. ಅವರ ಕೊನೆಯ ಅಂಕಣ ಪ್ರಕಟವಾದದ್ದೂ ಅಂದೇ. ಮರಣಾನಂತರ ಅವರನ್ನು ಹೊಸ ಓದುಗರಿಗೆ ತಲುಪಿಸುವ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಇಲ್ಲಿನ ಇತಿಹಾಸಕಾರ ರಾಮಚಂದ್ರ ಗುಹಾ 2000ರಲ್ಲಿ ಅವರ ಆಯ್ದ ಬರಹಗಳನ್ನು ಸಂಪಾದಿಸಿದರು. 2006ರಲ್ಲಿ ಬಂದ ‘ಐ ಇನ್ ದ ಜಂಗಲ್’ ಎಂಬ ಚಿತ್ರ-ಬರಹ ಸಂಪುಟದ ಸಂಪಾದಕರಲ್ಲಿ ಬೆಂಗಳೂರಿನ ಹಿರಿಯ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಒಬ್ಬರು. 2017ರಲ್ಲಿ ತೀರಿಕೊಂಡ ಪೆರುಮಾಳ್ ಸ್ವತಃ ಕೈಯಿಂದ ಫೋಕಸ್ ಮಾಡುವ ಲೆನ್ಸ್‌ಗಳ ಕಾಲದಲ್ಲಿ ಪಳಗಿದವರು.

ಹಳೆಯ ಲೆನ್ಸ್ ಬಳಸಿದ ಮಾತ್ರಕ್ಕೆ ಯಾರೂ ಕೃಷ್ಣನ್ ಆಗುವುದಿಲ್ಲ. ಹೊಸ ಕ್ಯಾಮೆರಾ ದೋಷವೂ ಅಲ್ಲ. ಅವರಿಗೆ ಒಳ್ಳೆಯ ಉಪಕರಣ ಸಿಕ್ಕಿದ್ದರೆ ಬೇಡವೆನ್ನುತ್ತಿದ್ದರೆಂದು ಹೇಳಲಾಗದು. ಆದರೆ ಸಫಾರಿ ವಾಹನಗಳು ಒಂದೇ ಹುಲಿಯ ಸುತ್ತ ಮುಗಿಬೀಳುವುದನ್ನು, ಗೂಡಿನ ಮುಂದಿನ ಕೊಂಬೆಯನ್ನು ಚಿತ್ರಕ್ಕಾಗಿ ಕತ್ತರಿಸುವುದನ್ನು ಕಂಡಾಗ, ಕೊರತೆ ಕಲಿಸಿದ ಪಾಠವನ್ನು ಸಮೃದ್ಧಿ ಮರೆಸಿತೇ ಎಂಬ ಆತಂಕ ಸಹಜ. ಲೆನ್ಸ್ ಯಾವುದಾದರೂ ಇರಲಿ, ಎದುರಿಗಿರುವ ಜೀವಿಯ ಬಗ್ಗೆ ತೆಗೆಯುವವನಿಗೆ ಏನು ಗೊತ್ತು, ಚಿತ್ರ ತೆಗೆದ ಮೇಲೆ ಆ ಜೀವಿ ಮೊದಲಿನಂತೆಯೇ ಇದೆಯೇ ಎಂಬ ಎರಡು ಪ್ರಶ್ನೆ ಉಳಿಯುತ್ತವೆ.

ಪುಟ್ಟೇನಹಳ್ಳಿಯ ಕೆರೆಯಲ್ಲಿ ಜಂಬುಕೋಳಿ ಇನ್ನೂ ಇದೆ. ಅದನ್ನು ಇಂದು ನೋಡುವವರು ತಾವು ಕಂಡದ್ದನ್ನು, ದಿನಾಂಕ ಸಹಿತ, ಉತ್ಪ್ರೇಕ್ಷೆಯಿಲ್ಲದೆ ಬರೆದಿಟ್ಟರೆ ಕೃಷ್ಣನ್ ಅವರಿಗೆ ಸಲ್ಲಿಸಬಹುದಾದ ಗೌರವ ಅದೇ.